ತಾಮ್ರದ ಕೊಳವೆ, ಕರಟದ ಸೌಟು

ತಿಪಟೂರು ತಾಲ್ಲೂಕಿನ ಬಿಳಿಗೆರೆ ತೆಂಗಿನ ಸೀಮೆಯ ಊರು. ಆ ಸೀಮೆಯ ಹಳೆಯ ಮನೆಗಳಲ್ಲಿ ಅಟ್ಟದ ಮೇಲೆ ಕಾಯಿಗಳು ಉಂಡೆ ಕೊಬ್ಬರಿಯಾಗಲು ತಿಂಗಳುಗಟ್ಟಲೆ ಕಾದಿದ್ದರೆ, ಕೆಳಗೆ ಅಡಿಗೆಮನೆಯಲ್ಲಿ ಅದೇ ಕಾಯಿಯ ಕರಟ ಸೌಟಾಗಿಯೂ ನಾರು ನೆಲುವಿನ ಹಗ್ಗವಾಗಿಯೂ ತೂಗುತ್ತಿದ್ದುವು. ಬೆಕ್ಕಿಗೆ ನಿಲುಕದಂತೆ ಬೆಣ್ಣೆಯ ಗಡಿಗೆ ಹೊತ್ತ ಆ ನೆಲುವನ್ನು ಯಾರೂ ಅಲಂಕಾರವೆಂದು ಕರೆದವರಲ್ಲ. ಆದರೂ ಅದರ ಅಂದಕ್ಕೇನೂ ಕೊರತೆಯಿರಲಿಲ್ಲ.

ತಾರಸಿಯ ಮನೆಯಲ್ಲಿ ನೆಲುವು ಕಟ್ಟಲು ತೊಲೆಯಿಲ್ಲ. ಆ ಸ್ಥಾನವನ್ನು ಗೋಡೆಯ ಮೇಲಿನ ತಾಮ್ರದ ಕೊಳವೆಯೊಂದು ತುಂಬಬಲ್ಲುದು. ಸೌಟು, ಜಾಲರಿ, ಚಿಮಟಗಳನ್ನು ಕೊಕ್ಕೆಗಳಿಂದ ತೂಗುಹಾಕಿದರೆ ಸೇದು ಬಿಡದೆ ಒಣಗುತ್ತವೆ, ಕೈಗೂ ಸಿಗುತ್ತವೆ. ಸುರುಳಿಯಾಗಿ ಮಾರುವ ಮೆತ್ತನೆಯ ಕೊಳವೆ ಭಾರಕ್ಕೆ ಬಾಗುವುದರಿಂದ ನೇರವಾದ ಗಡಸು ಕೊಳವೆಯನ್ನೇ ಕೇಳಿ ಕೊಳ್ಳಬೇಕು. ಮುಕ್ಕಾಲು ಅಂಗುಲ ದಪ್ಪ, ೩ ಅಡಿ ಉದ್ದವಿದ್ದರೆ ಸಾಕು. ಒಳಗೆ ಬಿದಿರು ಕೋಲೊಂದನ್ನು ಬಿಗಿಯಾಗಿ ತೂರಿಸಿದರೆ ಇನ್ನೂ ಭದ್ರ.

ಕೊಳವೆಯನ್ನು ಗೋಡೆಗೆ ಜಡಿದುಬಿಡುವುದು ಮಾತ್ರ ತರವಲ್ಲ. ಕಚ್ಚು ತೆಗೆದ ಎರಡು ಮರದ ತುಂಡುಗಳನ್ನು ಗೋಡೆಗೆ ಹೊಂದಿಸಿ, ಅವುಗಳ ಮೇಲೆ ಕೊಳವೆಯನ್ನು ಸುಮ್ಮನೆ ಇರಿಸಬೇಕು. ಕಾರಣವಿಷ್ಟೆ: ಹುಣಸೆಹಣ್ಣು, ಉಪ್ಪು ಹಚ್ಚಿ ಉಜ್ಜಿದರೆ ತಾಮ್ರ ಹೊಳೆಯುವುದೇನೋ ನಿಜ, ಆದರೆ ಗೋಡೆಗಂಟಿದ ಕೊಳವೆಯನ್ನು ಚೆನ್ನಾಗಿ ತೊಳೆಯಲಾಗದೆ, ಉಳಿದ ಹುಳಿ ಉಪ್ಪುಗಳೇ ಹಸಿರು ಕಿಲುಬಿಗೆ ದಾರಿಮಾಡಿಕೊಡುತ್ತವೆ. ಕೆಳಗಿಳಿಸಿ, ತೊಳೆದು, ಒಣಬಟ್ಟೆಯಿಂದ ಒರಸಿ ಮತ್ತೆ ಏರಿಸುವುದೇ ಸರಿಯಾದ ಕ್ರಮ. ವಾರವಾರವೂ ಉಜ್ಜಬೇಕಾದ ಅಗತ್ಯವಂತೂ ಇಲ್ಲ. ತಾನಾಗಿ ಮೂಡುವ ಕಂದುಬಣ್ಣವೂ ನೋಡಲು ಗಂಭೀರವಾಗಿಯೇ ಇರುತ್ತದೆ. ತೇವವಿರುವಲ್ಲಿ ತಾಮ್ರಕ್ಕೆ ತಗುಲಿದ ಕಬ್ಬಿಣ ಬೇಗ ತುಕ್ಕು ಹಿಡಿಯುವುದರಿಂದ ಕೊಕ್ಕೆಗಳು ಹಿತ್ತಾಳೆಯವಾಗಿರಲಿ. ಕರಟದ ಸೌಟಿಗೆ ಕೊಕ್ಕೆಯೂ ಬೇಡ, ಹಿಡಿಯ ತುದಿಗೆ ನಾರಿನ ಕುಣಿಕೆ ಸಾಕು.

ಇಷ್ಟೆಲ್ಲ ಮಾಡಿ, ಅದೇ ವಾರ ಅಜ್ಜಿಯ ಕಾಲದ ತಾಮ್ರದ ಹಂಡೆಯನ್ನು ಹಳೆಯ ಪಾತ್ರೆಯವನಿಗೆ ತೂಕಕ್ಕೆ ಹಾಕುವ ಮನೆಗಳೂ ಉಂಟು! ಹೊಸ ತಾಮ್ರಕ್ಕೆ ಹಣ ತೆತ್ತು ಹಳೆಯ ತಾಮ್ರವನ್ನು ಮಾರುವುದು ಎಂತಹ ಗೃಹಕೃತ್ಯವೋ ತಿಳಿಯದು. ಆ ಹಂಡೆ ಅಂಚು ಮುರಿಯದೆ ಉಳಿದಿದ್ದರೆ ಕೊಳವೆಯ ಕೆಳಗೇ ಇರಿಸಬಹುದು. ಒಣಗಿದ ಸಿಪ್ಪೆಗಾಯಿಗಳನ್ನೋ ಈರುಳ್ಳಿಯ ಬುಟ್ಟಿಯನ್ನೋ ಅದು ಧಾರಾಳವಾಗಿ ಹಿಡಿಸುತ್ತದೆ. ಅಡಿಗೆಗೇ ಬಳಸುವ ಪಾತ್ರೆಯಾದರೆ ಮಾತ್ರ ಕಲಾಯಿ ಇಲ್ಲದೆ ಆಗದು. ಬರಿಯ ತಾಮ್ರದಲ್ಲಿ ಮಜ್ಜಿಗೆ, ಸಾರು, ಉಪ್ಪಿನಕಾಯಿಗಳು ಕಿಲುಬೆದ್ದು ಹೊಟ್ಟೆಗೆ ಕೇಡು. ಕೊಬ್ಬರಿ ಎಣ್ಣೆಯೂ ಬೇಗ ಮುಗ್ಗಲು ವಾಸನೆಗೆ ತಿರುಗುತ್ತದೆ. ಕಲಾಯಿಯ ತವರ ಸುಮಾರು ೨೩೨ ಡಿಗ್ರಿ ಸೆಲ್ಸಿಯಸ್ ಶಾಖಕ್ಕೇ ಕರಗುತ್ತದೆ. ಆದುದರಿಂದ ಕಲಾಯಿ ಪಾತ್ರೆಗೆ ಮೊದಲು ನೀರು, ಆಮೇಲೆ ಬೆಂಕಿ.