ಬಾಡಿಗೆ ಪೇಟಕ್ಕಿಂತ ಕರಿಕಂಬಳಿ ಮೇಲು

ಡಿಸೆಂಬರ್ ಬಂತೆಂದರೆ ಕಾಲೇಜುಗಳಲ್ಲಿ ಎಥ್ನಿಕ್ ಡೇ ಸಡಗರ. ಮಧುಗಿರಿಯಿಂದ ಪಾವಗಡದವರೆಗೆ ಹುಡುಗರು ಒಂದು ದಿನದ ಪಾಳೇಗಾರರಾಗುತ್ತಾರೆ. ಬಾಡಿಗೆಯ ಜರಿಪೇಟ, ಮಿರಮಿರ ಮಿನುಗುವ ಅಂಗಿ, ತಗಡಿನ ಕತ್ತಿ. ಕೋಟೆ ಮುಂದೆ ಒಂದಷ್ಟು ರೀಲ್ಸ್, ಸಂಜೆಗೆ ಬಟ್ಟೆ ಅಂಗಡಿಗೆ ವಾಪಸ್. ಖುಷಿಪಡುವುದು ತಪ್ಪಲ್ಲ. ಆದರೆ ಚರಿತ್ರೆಯನ್ನೇ ಮೈಮೇಲೆ ಹೊದೆಯುವ ಆಸೆಯಿದ್ದರೆ ನಮ್ಮ ಸೀಮೆಯ ಕೈಗಳೇ ನೇಯ್ದದ್ದು ಒಂದಿದೆ: ಕರಿಕಂಬಳಿ.

ಶಿರಾ 1687ರಿಂದ ಮೊಘಲರ ಸುಬಾದ ರಾಜಧಾನಿಯಾಗಿತ್ತು. ಮಧುಗಿರಿ, ಕೊರಟಗೆರೆ, ಪಾವಗಡಗಳನ್ನು ಪಾಳೇಗಾರರು ಆಳಿದರು. ಅವರೆಲ್ಲ ಹೋದರು. ಈ ಬಯಲಿನಲ್ಲಿ ಉಳಿದವರು ಕುರಿ ಕಾಯುವವರು, ಉಳಿದದ್ದು ಅವರ ಹೆಗಲ ಕಂಬಳಿ. ಮಳೆಗೆ ಅದೇ ಕೊಪ್ಪೆ, ಚಳಿಗೆ ಅದೇ ಹೊದಿಕೆ, ರಾತ್ರಿಗೆ ಅದೇ ಹಾಸಿಗೆ. ಗೊರವರ ನಿಲುವಂಗಿಯೂ ಕರಿಕಂಬಳಿಯದ್ದೇ.

ಒಂದು ಕಂಬಳಿಯ ಹಿಂದಿನ ದುಡಿಮೆ ನೋಡಿ. ಕತ್ತರಿಸಿದ ಉಣ್ಣೆಯನ್ನು ಹಿಂಜಬೇಕು. ಮನೆಯ ಹೆಂಗಸರು ರಾಟೆಯಲ್ಲಿ ನೂಲು ತೆಗೆಯುತ್ತಾರೆ. ಹುಣಸೆ ಬೀಜದ ಗಂಜಿ ಹಚ್ಚಿ ಒಣಗಿಸಿ, ಗುಂಡಿ ಮಗ್ಗದಲ್ಲಿ ನೇಯುತ್ತಾರೆ. ಬಣ್ಣ ಹಾಕುವುದಿಲ್ಲ, ಕುರಿಯ ಬಣ್ಣವೇ ಕಂಬಳಿಯ ಬಣ್ಣ. ಇಷ್ಟು ಮಾಡಿದ ಮೇಲೆ ಗಿರಣಿಯ ಅಗ್ಗದ ರಗ್ಗಿನೊಂದಿಗೆ ಪೈಪೋಟಿ! ಮಾಂಸಕ್ಕೆಂದೇ ಸಾಕುವ, ಉಣ್ಣೆ ಬರದ ತಳಿಗಳೂ ಹೆಚ್ಚಿವೆ. ನೇಕಾರರ ಮಕ್ಕಳು ಕೆಲಸ ಹುಡುಕಿ ಬೆಂಗಳೂರಿನ ಬಸ್ಸು ಹತ್ತಿದರೆ ಅವರನ್ನು ದೂರುವಂತಿಲ್ಲ. ಕೊಳ್ಳುವವರಿಲ್ಲದ ಕಸುಬನ್ನು ಉಳಿಸಿಕೊಳ್ಳಿ ಎಂದು ಹೇಳಲು ನಮಗೇನು ಹಕ್ಕಿದೆ?

ಆದ್ದರಿಂದ ಹೊಗಳಿಕೆ ಸಾಕು, ಕೊಳ್ಳೋಣ. ಗೆಳೆಯರು ಸೇರಿ ಬಾಡಿಗೆಗೆ ಸುರಿಯುವ ಹಣವನ್ನು ಒಟ್ಟುಮಾಡಿದರೆ ಗುಂಪಿಗೆ ಒಂದೆರಡು ಕಂಬಳಿಯಾದರೂ ಬರುತ್ತವೆ. ನೇಯ್ದವರಿಂದಲೇ ಕೊಳ್ಳಿ, ಅವರು ಹೇಳಿದ ಬೆಲೆ ಕೊಡಿ. ಮೈಗೆ ಚುಚ್ಚುತ್ತದೆ ಎನ್ನುವವರು ತುಂಬುತೋಳಿನ ಅಂಗಿ ತೊಟ್ಟು ಮೇಲೆ ಹೊದೆಯಲಿ. ಬಾಡಿಗೆ ಪೇಟ ಒಂದು ದಿನಕ್ಕೆ, ಕಂಬಳಿ ವರ್ಷಗಟ್ಟಲೆಗೆ.

ಹೊದೆಯಲು ಕಾಲೇಜಿನ ವೇದಿಕೆಯೇ ಆಗಬೇಕಿಲ್ಲ. ಪುಷ್ಯ ಮಾಸದಲ್ಲಿ ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದಲ್ಲಿ ದನಗಳ ಜಾತ್ರೆ. ಕೊರೆಯುವ ಚಳಿಯಲ್ಲಿ ರಾಸುಗಳ ಪಕ್ಕವೇ ರಾತ್ರಿ ಕಳೆಯುವ ರೈತರಿಗೆ ಕಂಬಳಿ ವೇಷವಲ್ಲ, ಅಗತ್ಯ. ಅಲ್ಲಿಗೆ ಕಂಬಳಿ ಹೊದ್ದು ಹೋಗಿ, ಜನರ ನಡುವೆ ಓಡಾಡಿ. ಕೊಪ್ಪೆ ಹಾಕುವುದು ಹೇಗೆಂದು ಹಿರಿಯರನ್ನೇ ಕೇಳಿ.

ಒಂದು ಎಚ್ಚರಿಕೆ ಮಾತ್ರ ಇರಲಿ. ಕಂಬಳಿ ಹೊದ್ದವನನ್ನು ಪೆದ್ದನಂತೆ ತೋರಿಸಿ ಚಪ್ಪಾಳೆ ಗಿಟ್ಟಿಸುವ ಸ್ಕಿಟ್‌ಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ದೇವರ ಗದ್ದುಗೆಗೆ ಹಾಸುವುದೂ ಇದೇ ಕಂಬಳಿ. ನಗಿಸಲು ಅದನ್ನು ಬಳಸುವುದಾದರೆ ಬಾಡಿಗೆ ಪೇಟವೇ ವಾಸಿ. ಗೌರವದಿಂದ ಹೊದೆಯುವುದಾದರೆ ಈ ಚಳಿಗಾಲದಲ್ಲೇ ಶುರುಮಾಡಿ. ಮಗ್ಗಗಳು ಇನ್ನೂ ಪೂರ್ತಿ ನಿಂತಿಲ್ಲ.