ಫೈಲು ಚಿಕ್ಕದಾಗಲಿ, ಅಕ್ಷರ ಮಾಸದಿರಲಿ



ಮಗಳು ಪಿಯುಸಿ ಮುಗಿಸಿ ಪದವಿಗೆ ಸೇರಿದ್ದಾಳೆ. ಅರ್ಜಿ ಹಾಕಲು ಇಂದೇ ಕೊನೆಯ ದಿನ. ಅಂಕಪಟ್ಟಿ, ಪಾಸ್‌ಬುಕ್, ಫೋಟೋ ಎಲ್ಲವೂ ಕೈಯಲ್ಲಿವೆ. ಮೊಬೈಲಿನಲ್ಲಿ ಚಿತ್ರ ತೆಗೆದದ್ದೂ ಆಯಿತು. ಏರಿಸಲು ಹೋದಾಗ ಪರದೆಯ ಮೇಲೆ ಕೆಂಪು ಸಾಲೊಂದು ಮೂಡುತ್ತದೆ: ಫೈಲಿನ ಗಾತ್ರ ಮಿತಿಗಿಂತ ಹೆಚ್ಚಾಗಿದೆ. ಗಂಟೆ ರಾತ್ರಿ ಒಂಬತ್ತು. ಸೈಬರ್ ಅಂಗಡಿ ಬಾಗಿಲು ಹಾಕಿದೆ. ಜಾವಗಲ್ಲಿನಲ್ಲೋ ಹಳೇಬೀಡಿನಲ್ಲೋ ಇರುವ ತಾಯಿ ಮಗಳು ಆ ಹೊತ್ತಿನಲ್ಲಿ ಅರಸೀಕೆರೆಗೋ ಬೇಲೂರಿಗೋ ಹೋಗಲು ಸಾಧ್ಯವೇ?

ಇದು ಯಾವುದೋ ಒಂದು ಮನೆಯ ಕಥೆಯಲ್ಲ. ವಿದ್ಯಾರ್ಥಿವೇತನ, ‘ಅರಿವು’ ಶೈಕ್ಷಣಿಕ ಸಾಲ, ಸಿಇಟಿ, ಪಾಸ್‌ಪೋರ್ಟ್, ಹಜ್ ಅರ್ಜಿ, ಎಲ್ಲವೂ ಇಂದು ಆನ್‌ಲೈನ್ ಆಗಿವೆ. ಅರ್ಹತೆ ಇದ್ದೂ, ದಾಖಲೆ ಇದ್ದೂ, ಫೈಲು ದೊಡ್ಡದು ಎಂಬ ಒಂದೇ ಕಾರಣಕ್ಕೆ ಅವಕಾಶ ತಪ್ಪಿಹೋದರೆ ಅದಕ್ಕಿಂತ ಬೇಸರದ ಸಂಗತಿ ಇನ್ನೊಂದಿಲ್ಲ. ಈ ಕೆಲಸವನ್ನು ಮನೆಯಲ್ಲೇ, ಕೈಯಲ್ಲಿರುವ ಮೊಬೈಲಿನಲ್ಲೇ, ಹತ್ತು ನಿಮಿಷದಲ್ಲಿ ಮಾಡಿಕೊಳ್ಳಬಹುದು. ಈ ತಿಂಗಳು ಅದನ್ನೇ ಕಲಿಯೋಣ.

ಮಿತಿ ಏಕೆ?

1 ಎಂಬಿ ಎಂದರೆ ಸುಮಾರು 1000 ಕೆಬಿ. ಒಂದು ಲಕ್ಷ ಮಂದಿ ತಲಾ 5 ಎಂಬಿಯ ಒಂದು ಚಿತ್ರ ಕಳಿಸಿದರೆ ಅದನ್ನು ಇಡಲು 500 ಜಿಬಿ ಜಾಗ ಬೇಕು. ಅದೇ ಚಿತ್ರ 100 ಕೆಬಿ ಇದ್ದರೆ 10 ಜಿಬಿ ಸಾಕು. ಅರ್ಜಿ ಪಡೆಯುವವರು ಮಿತಿ ಹಾಕುವುದು ಇದಕ್ಕಾಗಿ. ಉದಾಹರಣೆಗೆ, ಬ್ಯಾಂಕ್ ನೌಕರಿಯ ಐಬಿಪಿಎಸ್ ಪರೀಕ್ಷೆಗಳ ಅರ್ಜಿಯಲ್ಲಿ ಫೋಟೋ 20ರಿಂದ 50 ಕೆಬಿ, ಸಹಿ 10ರಿಂದ 20 ಕೆಬಿ, ಕೈಬರಹದ ಘೋಷಣೆ 50ರಿಂದ 100 ಕೆಬಿ ಎಂದು ಕೇಳುತ್ತಾ ಬಂದಿದ್ದಾರೆ. ಇಲ್ಲಿ ಒಂದು ಅಂಶವನ್ನು ಗಮನಿಸಿ. ಮೇಲಿನ ಮಿತಿ ಮಾತ್ರವಲ್ಲ, ಕೆಳಗಿನ ಮಿತಿಯೂ ಇದೆ. ತೀರಾ ಚಿಕ್ಕದಾದರೂ ಅರ್ಜಿ ಮುಂದೆ ಹೋಗದು. ಪ್ರತಿ ಅರ್ಜಿಯ ಲೆಕ್ಕ ಬೇರೆ, ವರ್ಷದಿಂದ ವರ್ಷಕ್ಕೆ ಬದಲಾಗುವುದೂ ಉಂಟು. ಆದ್ದರಿಂದ ಮೊದಲು ಸೂಚನೆಗಳ ಪುಟವನ್ನು ಓದಿ, ಯಾವ ದಾಖಲೆಗೆ ಎಷ್ಟು ಕೆಬಿ, ಜೆಪಿಜಿ ಬೇಕೋ ಪಿಡಿಎಫ್ ಬೇಕೋ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ.

ಗಾತ್ರ ಬರುವುದು ಎಲ್ಲಿಂದ?

ಮೊಬೈಲಿನ ಚಿತ್ರವೆಂದರೆ ಬಣ್ಣದ ಚುಕ್ಕೆಗಳ ರಾಶಿ. 12 ಮೆಗಾಪಿಕ್ಸೆಲ್ ಕ್ಯಾಮೆರಾ ಒಂದು ಸಲ ಒತ್ತಿದರೆ 1 ಕೋಟಿ 20 ಲಕ್ಷ ಚುಕ್ಕೆಗಳನ್ನು ಹಿಡಿಯುತ್ತದೆ. ಇದ್ದದ್ದನ್ನು ಇದ್ದಂತೆ ಇಟ್ಟರೆ ಅದು ಸುಮಾರು 36 ಎಂಬಿ. 1992ರಲ್ಲಿ ರೂಪುಗೊಂಡ ಜೆಪಿಜಿ ಎಂಬ ವಿಧಾನ, ಕಣ್ಣಿಗೆ ಗೊತ್ತಾಗದ ಸೂಕ್ಷ್ಮ ವ್ಯತ್ಯಾಸಗಳನ್ನು ಬಿಟ್ಟು ಅದನ್ನು ಮೂರು ನಾಲ್ಕು ಎಂಬಿಗೆ ಇಳಿಸುತ್ತದೆ. ಆದರೆ ಐಬಿಪಿಎಸ್ ಸೂಚಿಸುವ ಫೋಟೋದ ಅಳತೆ 200 ಅಡ್ಡ, 230 ಉದ್ದ; ಅಂದರೆ ಬರೀ 46 ಸಾವಿರ ಚುಕ್ಕೆ! ನಾವು ಕೊಡುತ್ತಿರುವುದು ಅವರಿಗೆ ಬೇಕಾದದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು.

ನಮ್ಮ ಅರಸೀಕೆರೆ ಸೀಮೆಯವರಿಗೆ ಇದನ್ನು ಸುಲಭವಾಗಿ ಹೇಳಬಹುದು. ತೆಂಗಿನಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಇಟ್ಟಾಗ ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗುತ್ತದೆ. ತೂಕ ಇಳಿಯುತ್ತದೆ, ಎಣ್ಣೆ ಉಳಿಯುತ್ತದೆ, ದೂರದ ಊರಿಗೆ ಕಳಿಸಲು ಹಗುರ. ಫೈಲು ಕಿರಿದುಗೊಳಿಸುವುದೂ ಹಾಗೆಯೇ. ಆದರೆ ಕೊಬ್ಬರಿಯನ್ನು ಮತ್ತೆ ಎಳನೀರಾಗಿಸಲು ಆಗದು. ಒಮ್ಮೆ ಕಿರಿದಾದ ಚಿತ್ರವನ್ನು ಎಷ್ಟು ಹಿಗ್ಗಿಸಿದರೂ ಕಳೆದುಹೋದ ಅಕ್ಷರ ಮರಳಿ ಬಾರದು. ಆದ್ದರಿಂದ ಮೊದಲ ನಿಯಮ: ಮೂಲ ಚಿತ್ರವನ್ನು ಎಂದೂ ಮುಟ್ಟಬೇಡಿ. ಅದರ ಪ್ರತಿ ಮಾಡಿಕೊಂಡು ಪ್ರತಿಯನ್ನೇ ಚಿಕ್ಕದು ಮಾಡಿ.

ಇನ್ನೊಂದು ವಿಷಯ. ಬೇಲೂರು ತಾಲೂಕಿನ ಹಲ್ಮಿಡಿಯಲ್ಲಿ 1936ರಲ್ಲಿ ಬೆಳಕಿಗೆ ಬಂದ ಶಿಲಾಶಾಸನದ ಬಗ್ಗೆ ಶಾಲೆಯಲ್ಲಿ ಓದಿರುತ್ತೀರಿ. ಅದರಲ್ಲಿ ಇರುವುದು 16 ಸಾಲು. ಆ ಕಲ್ಲಿನ ಒಂದು ಫೋಟೋ ಮೂರು ನಾಲ್ಕು ಎಂಬಿ ಆಗಬಹುದು. ಅದೇ 16 ಸಾಲನ್ನು ಕನ್ನಡದಲ್ಲಿ ಟೈಪ್ ಮಾಡಿದರೆ 10 ಕೆಬಿಯೊಳಗೆ ಮುಗಿಯುತ್ತದೆ. ಕಂಪ್ಯೂಟರಿಗೆ ಅಕ್ಷರ ಹಗುರ, ಚಿತ್ರ ಭಾರ. ಆದ್ದರಿಂದ ಮನವಿ ಪತ್ರವನ್ನೋ ಬಯೋಡಾಟಾವನ್ನೋ ಟೈಪ್ ಮಾಡಿದ್ದರೆ, ಅದನ್ನು ಮುದ್ರಿಸಿ ಮತ್ತೆ ಫೋಟೋ ತೆಗೆಯಬೇಡಿ. ವರ್ಡಿನಿಂದ ನೇರವಾಗಿ ಪಿಡಿಎಫ್ ಆಗಿ ಉಳಿಸಿ. ಹಾಗೆ ಉಳಿಸುವಾಗ ಕನಿಷ್ಠ ಗಾತ್ರದ ಆಯ್ಕೆಯೂ ಅಲ್ಲಿ ಸಿಗುತ್ತದೆ.

ಮನೆಯಲ್ಲೇ ಮಾಡುವ ಬಗೆ

ಒಂದು: ದಾಖಲೆಯನ್ನು ಹೂವಿನ ಚಾಪೆಯ ಮೇಲೋ ಚೌಕುಳಿ ಹಾಸಿನ ಮೇಲೋ ಇಡಬೇಡಿ. ಆ ಹೂಗಳಿಗೂ ಜಾಗ ಬೇಕಾಗುತ್ತದೆ. ಒಂದೇ ಬಣ್ಣದ ಬಟ್ಟೆಯ ಮೇಲೆ, ಹಗಲಿನ ಬೆಳಕಿನಲ್ಲಿ, ಕೈಯ ನೆರಳು ಬೀಳದಂತೆ ಚಿತ್ರ ತೆಗೆಯಿರಿ.

ಎರಡು: ಅಂಚುಗಳನ್ನು ಕತ್ತರಿಸಿ ದಾಖಲೆಯನ್ನಷ್ಟೇ ಉಳಿಸಿ. ಇದನ್ನೇ ಕ್ರಾಪ್ ಎನ್ನುತ್ತಾರೆ. ಎಷ್ಟೋ ಸಲ ಇಷ್ಟರಲ್ಲೇ ಗಾತ್ರ ಅರ್ಧಕ್ಕೆ ಇಳಿಯುತ್ತದೆ.

ಮೂರು: ಚಿತ್ರದ ಅಳತೆ ಇಳಿಸಿ. ಎ4 ಹಾಳೆಯನ್ನು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೆ ಸುಮಾರು 87 ಲಕ್ಷ ಚುಕ್ಕೆ. 150 ಡಿಪಿಐನಲ್ಲಿ ಸುಮಾರು 22 ಲಕ್ಷ. ಅರ್ಧ ಇಳಿಸಿದರೆ ಗಾತ್ರ ಕಾಲು ಭಾಗಕ್ಕೆ ಬರುತ್ತದೆ. ಅಂಕಪಟ್ಟಿಯಂಥ ಮುದ್ರಿತ ದಾಖಲೆಗೆ 150 ಸಾಮಾನ್ಯವಾಗಿ ಸಾಕು. ಕಂಪ್ಯೂಟರ್ ಇದ್ದವರು ವಿಂಡೋಸಿನ ‘ಪೇಂಟ್’ ತೆರೆದು ರೀಸೈಜ್ ಒತ್ತಿ 50 ಶೇಕಡಾ ಎಂದು ಕೊಡಬಹುದು. ಪಿಡಿಎಫ್ ಆದರೆ ಉಚಿತ ತಂತ್ರಾಂಶವಾದ ಲಿಬ್ರೆಆಫೀಸಿನಲ್ಲಿ ತೆರೆದು, ಮತ್ತೆ ಪಿಡಿಎಫ್ ಆಗಿ ಹೊರತೆಗೆಯುವಾಗ ಚಿತ್ರದ ಗುಣಮಟ್ಟವನ್ನೂ ಡಿಪಿಐಯನ್ನೂ ಇಳಿಸಬಹುದು.

ನಾಲ್ಕು: ಮೊಬೈಲ್ ಮಾತ್ರ ಇದ್ದವರು ವಾಟ್ಸಾಪಿನಲ್ಲಿ ತಮ್ಮದೇ ಸಂಖ್ಯೆಗೆ ಆ ಚಿತ್ರವನ್ನು ಮಾಮೂಲಿ ಫೋಟೋ ಆಗಿ ಕಳಿಸಿ, ಬಂದದ್ದನ್ನು ಉಳಿಸಿಕೊಳ್ಳಲಿ. ಎಂಬಿಗಳಲ್ಲಿದ್ದದ್ದು ಸಾಮಾನ್ಯವಾಗಿ ಕೆಲವು ನೂರು ಕೆಬಿಗೆ ಇಳಿದಿರುತ್ತದೆ. ಎಚ್‌ಡಿ ಆಯ್ಕೆಯನ್ನು ಒತ್ತದಿರಿ. ಬದಲಿಗೆ ಮೂಲವನ್ನು ಇದ್ದಂತೆಯೇ ಯಾರಿಗಾದರೂ ಮುಟ್ಟಿಸಬೇಕಿದ್ದರೆ ‘ಡಾಕ್ಯುಮೆಂಟ್’ ಆಗಿ ಕಳಿಸಿ. ಆಗ ವಾಟ್ಸಾಪ್ ಅದನ್ನು ಕಿರಿದು ಮಾಡುವುದಿಲ್ಲ.

ಐದು: ಹಲವು ಪುಟಗಳನ್ನು ಒಂದೇ ಪಿಡಿಎಫ್ ಮಾಡಲು ಗೂಗಲ್ ಡ್ರೈವ್ ಆ್ಯಪಿನಲ್ಲೇ ಸ್ಕ್ಯಾನ್ ಸೌಲಭ್ಯ ಇದೆ. ಫೈಲಿನ ಹೆಸರಿನಲ್ಲಿ ಜೆಪಿಜಿ ಎಂದಿರುವುದನ್ನು ಅಳಿಸಿ ಪಿಡಿಎಫ್ ಎಂದು ಬರೆದರೆ ಅದು ಪಿಡಿಎಫ್ ಆಗುವುದಿಲ್ಲ. ಜೆಪಿಜಿಯನ್ನು ಜಿಪ್ ಮಾಡಿದರೂ ಹೆಚ್ಚೇನೂ ಇಳಿಯದು. ಅದು ಆಗಲೇ ಹಿಂಡಿದ್ದು.

ಈಮೇಲ್ ಮಾಡುವವರು ಗಮನಿಸಿ: ಜಿಮೇಲಿನ ಮಿತಿ 25 ಎಂಬಿ. ಲಗತ್ತಿಸಿದ ಫೈಲು ಸಾಗುವಾಗ ಮೂರನೇ ಒಂದು ಭಾಗದಷ್ಟು ಉಬ್ಬುವುದರಿಂದ 18 ಎಂಬಿಯೊಳಗೆ ಇಟ್ಟುಕೊಳ್ಳುವುದು ಕ್ಷೇಮ.

ಕಿರಿದು ಮಾಡಬಾರದ ದಾಖಲೆಗಳು

ಆಧಾರ್ ವೆಬ್‌ಸೈಟಿನಿಂದ ಇಳಿಸಿಕೊಂಡ ಇ-ಆಧಾರ್‌ನಂಥ ಪಿಡಿಎಫ್‌ಗಳಲ್ಲಿ ಡಿಜಿಟಲ್ ಸಹಿ ಇರುತ್ತದೆ. ಅದನ್ನು ಕಿರಿದು ಮಾಡಿ ಮತ್ತೆ ಉಳಿಸಿದರೆ ಸಹಿಯ ಸಾಚಾತನ ಹೋಗಿಬಿಡುತ್ತದೆ. ಅವುಗಳನ್ನು ಇದ್ದಂತೆಯೇ ಕೊಡಿ.

ಹಳೆಯ ಕ್ರಯಪತ್ರ, ದಾನಪತ್ರಗಳ ವಿಷಯದಲ್ಲೂ ಎಚ್ಚರ ಬೇಕು. 2025ರ ಜೂನ್ 6ರಂದು ‘ಉಮೀದ್’ ಪೋರ್ಟಲ್ ಆರಂಭವಾದ ಬಳಿಕ ವಕ್ಫ್ ಆಸ್ತಿಗಳ ಕಾಗದಪತ್ರಗಳನ್ನು ಅದಕ್ಕೆ ಏರಿಸಬೇಕಾಯಿತು. ಇಂಥ ಕಾಗದಗಳ ಬಣ್ಣ ಮಾಸಿರುತ್ತದೆ, ಶಾಯಿ ತಿಳಿಯಾಗಿರುತ್ತದೆ. ಸ್ಕ್ಯಾನರಿನ ಅಚ್ಚ ಕಪ್ಪು ಬಿಳುಪು ಆಯ್ಕೆಯಲ್ಲಿ ಗಾತ್ರ ಬಹಳ ಕಡಿಮೆಯಾಗುವುದು ನಿಜ. ಆದರೆ ಮೊಹರು ಕರಿ ಕಲೆಯಾಗಿ, ತಿಳಿ ಬರಹ ಮಾಯವಾಗಬಹುದು. ಅಂಥವುಗಳನ್ನು ಬಣ್ಣದಲ್ಲೋ ಬೂದು ಛಾಯೆಯಲ್ಲೋ ಸ್ಕ್ಯಾನ್ ಮಾಡಿ, ದೊಡ್ಡ ಗಾತ್ರದ ಮೂಲವನ್ನು ಪೆನ್‌ಡ್ರೈವಿನಲ್ಲಿ ಕಾಪಾಡಿ.

ಕಳಿಸುವ ಮುನ್ನ ಯಾವುದೇ ಫೈಲನ್ನು ತೆರೆದು ನೋಡಿ. ಹೆಸರು, ಹುಟ್ಟಿದ ದಿನಾಂಕ, ನೋಂದಣಿ ಸಂಖ್ಯೆ, ಖಾತೆ ಸಂಖ್ಯೆ, ಮೊಹರು, ಈ ಐದನ್ನು ಒಂದೊಂದಾಗಿ ಓದಿ. 3 ಯಾವುದು 8 ಯಾವುದು ಎಂದು ನಿಮಗೇ ಅನುಮಾನ ಬಂದರೆ ಅರ್ಜಿ ಪರಿಶೀಲಿಸುವ ಅಧಿಕಾರಿಗೂ ಬರುತ್ತದೆ. ಅರ್ಜಿ ಸ್ವೀಕಾರವಾಗಿ, ದಾಖಲೆ ಓದಲಾಗದೆ ವಾರಗಳ ನಂತರ ತಿರಸ್ಕೃತವಾಗುವುದು ಆ ಕೆಂಪು ಸಾಲಿಗಿಂತ ಹೆಚ್ಚಿನ ನಷ್ಟ.

ನಮ್ಮ ದಾಖಲೆ ಯಾರ ಕೈಯಲ್ಲಿ?

ಪಿಡಿಎಫ್ ಚಿಕ್ಕದು ಮಾಡಿಕೊಡುವ ಉಚಿತ ವೆಬ್‌ಸೈಟುಗಳು ನೂರಾರಿವೆ. ಅವುಗಳಲ್ಲಿ ಹೆಚ್ಚಿನವು ನಿಮ್ಮ ಫೈಲನ್ನು ತಮ್ಮ ಕಂಪ್ಯೂಟರಿಗೆ ತರಿಸಿಕೊಂಡು ಕೆಲಸ ಮಾಡುತ್ತವೆ. ಅಡುಗೆ ಪುಸ್ತಕವನ್ನು ಹಾಗೆ ಕಳಿಸಿದರೆ ಹಾನಿಯಿಲ್ಲ. ಆದರೆ ಮಗಳ ಫೋಟೋ, ಆಧಾರ್, ಪಾಸ್‌ಬುಕ್, ಸಹಿ ಒಟ್ಟಿಗೆ ಅಪರಿಚಿತರ ಕೈ ಸೇರಿದರೆ ವಂಚಕರಿಗೆ ಬೇಕಾದ ಸಾಮಗ್ರಿಯೆಲ್ಲ ಒಂದೇ ಕಡೆ ಸಿಕ್ಕಂತೆ. ಸೈಬರ್ ಅಂಗಡಿಯಲ್ಲೂ ಅಷ್ಟೇ. ಅಂಗಡಿಯವರು ಒಳ್ಳೆಯವರೇ ಇರಬಹುದು. ಆದರೆ ನಿಮ್ಮ ಬಳಿಕ ಅದೇ ಕಂಪ್ಯೂಟರಿನ ಮುಂದೆ ಕುಳಿತುಕೊಳ್ಳುವವರು ಯಾರೆಂದು ಅವರಿಗೂ ಗೊತ್ತಿರುವುದಿಲ್ಲ. ಕೆಲಸ ಮುಗಿದ ಮೇಲೆ ಡೌನ್‌ಲೋಡ್ ಫೋಲ್ಡರಿನಿಂದಲೂ ರೀಸೈಕಲ್ ಬಿನ್‌ನಿಂದಲೂ ನಿಮ್ಮ ಫೈಲುಗಳನ್ನು ಅಳಿಸಲು ಹೇಳಿ, ನಿಮ್ಮ ಕಣ್ಣೆದುರೇ ಅಳಿಸಿಸಿ. ವಾಟ್ಸಾಪ್ ವೆಬ್ ತೆರೆದಿದ್ದರೆ ಲಾಗ್ ಔಟ್ ಮಾಡಿ. ಇದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ. ಪೂರ್ತಿ ಆಧಾರ್ ಸಂಖ್ಯೆ ಬೇಡದ ಕಡೆಗೆ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಅನ್ನು ಕೊಡಿ.

ಕೆಲವೊಮ್ಮೆ ಫೈಲನ್ನೇ ಕಳಿಸಬೇಕಿಲ್ಲ. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ ಜಾತಿ ಮತ್ತು ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ ಕೊಟ್ಟ ಆರ್‌ಡಿ ಸಂಖ್ಯೆಯನ್ನು ನಮೂದಿಸಿದರೆ ವಿವರ ತಾನಾಗಿಯೇ ಬರುತ್ತದೆ. 2015ರಲ್ಲಿ ಆರಂಭವಾದ ಡಿಜಿಲಾಕರಿನಲ್ಲಿ ಇಲಾಖೆಗಳೇ ನೀಡಿದ ದಾಖಲೆಗಳಿಗೆ ಮೂಲ ಪ್ರತಿಯಷ್ಟೇ ಕಾನೂನಿನ ಮಾನ್ಯತೆ ಇದೆ.

ಈ ವಾರ ಬಿಡುವು ಮಾಡಿಕೊಂಡು ಒಂದು ಕೆಲಸ ಮಾಡಿ. ಮನೆಯ ಪ್ರತಿಯೊಬ್ಬರ ಹೆಸರಿನಲ್ಲಿ ಒಂದೊಂದು ಫೋಲ್ಡರ್ ತೆರೆಯಿರಿ. ಅದರೊಳಗೆ ‘ಮೂಲ’ ಮತ್ತು ‘ಚಿಕ್ಕದು’ ಎಂಬ ಎರಡು ಭಾಗ ಇರಲಿ. ಮೂಲದಲ್ಲಿ ಸ್ಪಷ್ಟವಾದ ದೊಡ್ಡ ಪ್ರತಿ. ಚಿಕ್ಕದರಲ್ಲಿ 50 ಕೆಬಿಯೊಳಗಿನ ಫೋಟೋ, 20 ಕೆಬಿಯೊಳಗಿನ ಸಹಿ, 200 ಕೆಬಿಯೊಳಗಿನ ಅಂಕಪಟ್ಟಿ. ಫೋನಿಗೆ ಬೀಗದ ಸಂಖ್ಯೆ ಹಾಕಿ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ. ನಿಮಗೆ ತಿಳಿಯದ್ದು ಅವಳಿಗೆ ತಿಳಿದಿರಬಹುದು, ಅವಳಿಗೆ ತಿಳಿಯದ ಎಚ್ಚರ ನಿಮ್ಮಲ್ಲಿ ಇರುತ್ತದೆ. ಆಮೇಲೆ ನೆರೆಮನೆಯ ಹುಡುಗಿಗೂ ಹೇಳಿಕೊಡಿ. ಅವಳ ಅರ್ಜಿಯೂ ಸಮಯಕ್ಕೆ ಸರಿಯಾಗಿ ತಲುಪಲಿ.