ತಳಿಯ ಆಯ್ಕೆಯೂ ಜೀವದಯೆಯೂ

ಲಾಬಾನನ ಮಂದೆಯನ್ನು ಕಾಯುತ್ತಿದ್ದ ಯಾಕೋಬನು ಬಲವುಳ್ಳ ಆಡುಕುರಿಗಳನ್ನು ಆರಿಸಿ ತನ್ನ ಹಿಂಡನ್ನು ಬೆಳೆಸಿಕೊಂಡ ಸಂಗತಿಯನ್ನು ನಮ್ಮ ಶಾಲೆಯ ಸತ್ಯವೇದದ ಪಾಠದಲ್ಲಿ ಕೇಳದವರಿಲ್ಲ. ಉತ್ತಮವಾದುದನ್ನು ಆರಿಸಿ ತಳಿಯನ್ನು ಬೆಳೆಸುವ ವಿದ್ಯೆಯು ಹೀಗೆ ಬಹು ಪುರಾತನವಾದುದು. ನಮ್ಮ ನಾಡಿನ ಹಳ್ಳಿಕಾರ್, ಅಮೃತಮಹಲ್ ರಾಸುಗಳೂ ಅದರ ಫಲವೇ. ಆದಕಾರಣ ನಾವು ಆ ವಿದ್ಯೆಯನ್ನು ಹಳಿಯಹೊರಟವರಲ್ಲ. ಒಂದೇ ಲಾಭವನ್ನು ಕಣ್ಣಮುಂದಿಟ್ಟುಕೊಂಡು ತಳಿಯನ್ನು ತಿದ್ದುತ್ತ ಹೋದರೆ ಮೂಕಪ್ರಾಣಿಯ ಗತಿಯೇನೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರೂ ಪೋಷಕರೂ ಆಲೋಚಿಸಬೇಕೆಂಬುದಷ್ಟೇ ನಮ್ಮ ಬಿನ್ನಹ.

ಮಾಂಸಕ್ಕಾಗಿ ಸಾಕುವ ಬ್ರಾಯ್ಲರ್ ಕೋಳಿಯನ್ನು ನೋಡೋಣ. ಕೆನಡಾ ದೇಶದ ಆಲ್ಬರ್ಟಾ ವಿಶ್ವವಿದ್ಯಾನಿಲಯದ ವಿದ್ವಾಂಸರು 1957ರಿಂದಲೂ 1978ರಿಂದಲೂ ಬದಲಿಸದೆ ಕಾಪಾಡಿಕೊಂಡು ಬಂದಿದ್ದ ಎರಡು ತಳಿಗಳನ್ನೂ 2005ರ ತಳಿಯನ್ನೂ ಒಂದೇ ಬಗೆಯ ಆಹಾರವಿತ್ತು ಬೆಳೆಸಿ, ಅದರ ಫಲವನ್ನು 2014ರಲ್ಲಿ ಪ್ರಕಟಿಸಿದರು. 56ನೆಯ ದಿನ ತೂಗಿದಾಗ ಮೊದಲನೆಯದು ಸುಮಾರು 900 ಗ್ರಾಂ, ಎರಡನೆಯದು 1,800 ಗ್ರಾಂ, ಮೂರನೆಯದು 4,200 ಗ್ರಾಂ ಇದ್ದಿತು. ವ್ಯತ್ಯಾಸವೆಲ್ಲವೂ ತಳಿಯದೇ. ಆದರೆ ಮಾಂಸವು ಬೆಳೆದ ವೇಗಕ್ಕೆ ಕಾಲಿನ ಎಲುಬೂ ಹೃದಯವೂ ಸರಿಸಮನಾಗಿ ಬೆಳೆಯಲಾರವು. ಅನೇಕ ಕೋಳಿಗಳು ಕುಂಟುತ್ತವೆ. ಕೆಲವಕ್ಕೆ ಹೊಟ್ಟೆಯಲ್ಲಿ ನೀರು ತುಂಬುವುದು. ಕೆಲವು ಹೃದಯವು ನಿಂತು ಥಟ್ಟನೆ ಸಾಯುವುವು.

ಇವುಗಳ ತಾಯಿತಂದೆಗಳ ಪಾಡು ಇನ್ನೂ ಕನಿಕರಪಡತಕ್ಕದ್ದು. ಹೊಟ್ಟೆತುಂಬ ತಿನ್ನಗೊಟ್ಟರೆ ಅವು ಕೊಬ್ಬಿ ರೋಗಕ್ಕೀಡಾಗುತ್ತವೆ; ಆದುದರಿಂದ ಆಹಾರವನ್ನು ಅಳೆದು ಕೊಟ್ಟು ಹಸಿವಿನಲ್ಲಿಯೇ ಇರಿಸಬೇಕಾಗುವುದು. ಉಣಿಸಿದರೆ ರೋಗ, ಉಣಿಸದಿದ್ದರೆ ಹಸಿವು! ಇಂತಹ ದೇಹವನ್ನು ಅವಕ್ಕೆ ಕೊಟ್ಟವರು ಮನುಷ್ಯರಾದ ನಾವೇ. ಇಕ್ಕಟ್ಟಾದ ಗೂಡನ್ನು ಹಿಗ್ಗಿಸಬಹುದು. ಹುಟ್ಟಿನೊಡನೆ ಬಂದ ನೋವನ್ನು ಯಾವ ಗೂಡೂ ನೀಗಿಸದು.

ಬಡವರ ಮನೆಗೂ ಮಾಂಸವು ದೊರೆತುದು ಇದರಿಂದಲೇ ಅಲ್ಲವೇ ಎಂದು ಕೆಲವರು ಕೇಳಬಹುದು. ಆ ಮಾತನ್ನು ನಾವು ಅಲ್ಲಗಳೆಯೆವು. ಆದರೆ ಲಾಭಕ್ಕೂ ದಯೆಗೂ ಹಗೆತನವಿರಲೇಬೇಕೆಂಬ ನಿಯಮವಿಲ್ಲ. ನಾರ್ವೆ ದೇಶದವರು 1970ರ ದಶಕದಿಂದ ಹಾಲಿನ ಪ್ರಮಾಣವನ್ನಲ್ಲದೆ, ಸುಲಭವಾಗಿ ಗಬ್ಬವಾಗುವ ಗುಣವನ್ನೂ ಕೆಚ್ಚಲುಬಾವಿಗೆ ತುತ್ತಾಗದ ಗುಣವನ್ನೂ ಎಣಿಕೆಗೆ ತಂದು ಹೋರಿಗಳನ್ನು ಆರಿಸತೊಡಗಿದರು. ಅವರ ಹಸುಗಳಲ್ಲಿ ಬೇನೆಯೂ ಇಳಿಯಿತು, ಹಾಲೂ ಏರಿತು. ನಮ್ಮ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ಕೋಳಿಯು ಹಿತ್ತಿಲಲ್ಲಿ ಕೆದಕಿ ಮೇಯುತ್ತಲೇ ಮೊಟ್ಟೆಯನ್ನೂ ಮಾಂಸವನ್ನೂ ಕೊಡುವುದು. ಆರಿಸುವವರ ದೃಷ್ಟಿ ವಿಶಾಲವಾದರೆ ವಿದ್ಯೆಯು ಉಪಕಾರಿಯಾಗುವುದೆಂಬುದಕ್ಕೆ ಇವು ಸಾಕ್ಷಿ.

ಈ ದೃಷ್ಟಿಯು ಎಲ್ಲಿಂದ ಬರಬೇಕು? ಕೊಳ್ಳುವವರಿಂದಲೇ. ನಮ್ಮ ಶಾಲೆಯ ಹೆಣ್ಣುಮಕ್ಕಳಲ್ಲಿ ಅನೇಕರು ಇಂದು ಗೃಹಿಣಿಯರು. ಕೆಲವರು ಅಧ್ಯಾಪಕಿಯರು, ವೈದ್ಯರು. ಬೆಲೆಯನ್ನು ವಿಚಾರಿಸುವ ನಾಲಗೆಯು ತಳಿಯನ್ನೂ ವಿಚಾರಿಸಲಿ. ನಿಧಾನವಾಗಿ ಬೆಳೆದ ಕೋಳಿಗೆ ನಾಲ್ಕು ಕಾಸು ಹೆಚ್ಚಾದರೆ, ಶಕ್ತಿಯುಳ್ಳವರು ಅದನ್ನು ನಷ್ಟವೆಂದೆಣಿಸದಿರಲಿ.

ಮಂದೆಯನ್ನು ಬೆಳೆಸಿದ ಅದೇ ಯಾಕೋಬನು, ಅಣ್ಣನಾದ ಏಸಾವನು ಜೊತೆಯಲ್ಲಿ ಬೇಗನೆ ಬಾರೆಂದು ಕರೆದಾಗ, ಒಂದು ದಿನ ಮಿತಿಮೀರಿ ಓಡಿಸಿದರೆ ತನ್ನ ಹಿಂಡೆಲ್ಲವೂ ಸತ್ತೀತೆಂದು ಹೇಳಿ ಹಿಂದುಳಿದನು. ಎಳೆಗಂದಿಗಳ ನಡೆಗೆ ತಕ್ಕಂತೆ ತಾನೂ ನಡೆದನು. ಅವನ ಜಾಣತನವನ್ನು ಕಲಿತ ನಾವು ಅವನ ಈ ಕನಿಕರವನ್ನೂ ಕಲಿಯೋಣ.